ಶನಿವಾರದ ಪುಟದ ಸರ್

ಮಿರ್ಚಿ ಬಜ್ಜಿ ಕೈಗೆ ಬಂದ ಕೂಡಲೇ ಸರ್ ಬಾಯಿಗೆ ಇಡುತ್ತಿರಲಿಲ್ಲ. ಎಡಗಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಎರಡು ಬೆರಳಿನಿಂದ ಮುರಿಯುತ್ತಿದ್ದರು. ಎಣ್ಣೆ ಅಂಗಿಯ ತೋಳಿಗೆ ಇಳಿದರೂ ಪರಿವೆ ಇರುತ್ತಿರಲಿಲ್ಲ. ಕರಂ ಎಂದು ಸದ್ದು ಬಂದರೆ ತಿನ್ನುತ್ತಿದ್ದರು. ಬರದಿದ್ದರೆ ತಟ್ಟೆಯ ಅಂಚಿಗೆ ಸರಿಸಿ, "ಇದು ಮುಂಜಾನೀದು, ಈಗ ಬಿಸಿ ಮಾಡಿ ಕೊಟ್ಟಾರ" ಎನ್ನುತ್ತಿದ್ದರು. ಅಂಗಡಿಯವರ ಮುಖ ಆಗ ನೋಡುವ ಹಾಗಿರುತ್ತಿತ್ತು.

ಬಳ್ಳಾರಿಯ ಒಂದು ಸಣ್ಣ ಪತ್ರಿಕೆಯಲ್ಲಿ ಪುಟ ಕಟ್ಟುವುದು ನನ್ನ ಕೆಲಸ. ಶನಿವಾರದ ನಾಲ್ಕನೆಯ ಪುಟ ಅವರದಾಗಿತ್ತು. ವಾರದ ಕೊನೆಗೆ ಊರಿನವರು ಏನು ಮಾಡಬಹುದು ಎಂದು ಹೇಳುವ ನಾಲ್ಕು ಚೌಕಗಳು: ತಿನ್ನಲಿಕ್ಕೆ, ನೆಡಲಿಕ್ಕೆ, ಕುಡಿಯಲಿಕ್ಕೆ, ನೋಡಲಿಕ್ಕೆ. ರೈಲ್ವೆಯ ಪಾರ್ಸಲ್ ಆಫೀಸಿನಲ್ಲಿ ದುಡಿದು ನಿವೃತ್ತರಾದವರು ಅವರು. ಬುಟ್ಟಿಯನ್ನು ಮೂಸಿಯೇ ಒಳಗಿನ ಮಾವು ಯಾವ ಜಾತಿಯದು ಎಂದು ಹೇಳುತ್ತಿದ್ದರಂತೆ. ಆ ಮೂಗು ಮನೆಯಲ್ಲಿ ಸುಮ್ಮನೆ ಕೂರಬಾರದೆಂದು ನಮ್ಮ ಸಂಪಾದಕರು ಕರೆದುಕೊಂಡು ಬಂದಿದ್ದರು. ನಾವೆಲ್ಲ ಅವರನ್ನು ಸರ್ ಎಂದೇ ಕರೆಯುತ್ತಿದ್ದೆವು.

ಅವರದು ಒಂದೇ ಕಟ್ಟಪ್ಪಣೆ. ತಿನ್ನದೆ ಬರೆಯಬಾರದು, ನೆಡದೆ ಬರೆಯಬಾರದು, ನೋಡದೆ ಬರೆಯಬಾರದು. ಕಂಟೋನ್ಮೆಂಟಿನ ಅವರ ಮನೆಯ ಮಾಳಿಗೆ ತುಂಬ ಹಳೆಯ ಬಣ್ಣದ ಡಬ್ಬಿಗಳಲ್ಲಿ ನೆಟ್ಟ ಗಿಡಗಳು. ಅವುಗಳಲ್ಲಿ ಬದುಕಿದ್ದು ಮಾತ್ರ ಪುಟಕ್ಕೆ ಬರುತ್ತಿತ್ತು. ಒಂದು ಬೇಸಿಗೆಯಲ್ಲಿ 'ನೆಡಲಿಕ್ಕೆ' ಚೌಕಕ್ಕೆ ಒಂದೇ ಸಾಲು ಕಳಿಸಿದರು: "ಏನೂ ನೆಡಬೇಡಿ. ಇರುವುದಕ್ಕೆ ನೆರಳು ಮಾಡಿ." ಇನ್ನೆರಡು ಸಾಲು ಬೇಕು ಸರ್, ಜಾಗ ಖಾಲಿ ಉಳಿಯುತ್ತದೆ ಎಂದೆ. "ಬಳ್ಳಾರಿ ಬಿಸಿಲಿನ್ಯಾಗ ಖಾಲಿ ಬಿಡೋದೂ ಒಂದು ತೋಟಗಾರಿಕೀನ ತಂಗೆವ್ವ" ಎಂದರು. ಖಾಲಿಯೇ ಬಿಟ್ಟೆ.

ಕುರುಗೋಡಿನಲ್ಲಿ ಬಯಲಾಟ ಇದ್ದರೆ ಆಟಕ್ಕಿಂತ ಅದರ ತಾಲೀಮು ನೋಡಿ ಎಂದು ಬರೆಯುತ್ತಿದ್ದರು. ಸಂಜೆ ಐದಕ್ಕೆ ಹೋದರೆ, ಲುಂಗಿ ಉಟ್ಟ ರಾಜ ಚಹಾದ ಕಪ್ಪು ಹಿಡಿದುಕೊಂಡೇ ಯುದ್ಧಕ್ಕೆ ಹೊರಡುವುದು ಕಾಣುತ್ತದೆ ಎಂದು. ಹಾಗೆ ನೋಡಲು ಹೋಗಿ ನಕ್ಕು ಬಂದವರಲ್ಲಿ ನಾನೂ ಒಬ್ಬಳು. 'ಕುಡಿಯಲಿಕ್ಕೆ' ಚೌಕದಲ್ಲಿ ಹೆಚ್ಚಾಗಿ ಮಜ್ಜಿಗೆ, ನಿಂಬೆ ಶರಬತ್ತು ಇರುತ್ತಿದ್ದವು. ವರ್ಷಕ್ಕೊಮ್ಮೆ ಮಾತ್ರ ಮನೆಯಲ್ಲಿ ಮಾಡಿದ ದ್ರಾಕ್ಷಿ ವೈನ್. ಪಕ್ಕದ ಮನೆಯ ಕ್ರೈಸ್ತ ಅಜ್ಜಿಯೊಬ್ಬರು ಹೇಳಿಕೊಟ್ಟಿದ್ದರಂತೆ. ಕರಿ ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋದಿ, ನಾಲ್ಕು ಲವಂಗ ಹಾಕಿ ಪಿಂಗಾಣಿ ಜಾಡಿಗೆ ಬಟ್ಟೆ ಕಟ್ಟಿ ನಲವತ್ತು ದಿನ ಇಡುತ್ತಿದ್ದರು. ದಿನಾ ಬೆಳಿಗ್ಗೆ ಸ್ನಾನ ಮಾಡಿಯೇ ಕಟ್ಟಿಗೆ ಸೌಟಿನಿಂದ ಕೈಯಾಡಿಸುತ್ತಿದ್ದರು. ಹನುಮಪ್ಪನ ವಾರ ವೈನಿನ ಸುದ್ದಿ ಯಾಕೆ ಎಂದು ಓದುಗರೊಬ್ಬರು ಸಿಟ್ಟಿನ ಪತ್ರ ಬರೆದಾಗ, ಮುಂದಿನ ವಾರ ಚೌಕದ ಕೆಳಗೆ "ಓದುವುದು ಶನಿವಾರ, ಕುಡಿಯುವುದು ಭಾನುವಾರ" ಎಂದು ಸೇರಿಸಿದರು.

ಆಮೇಲೆ ಅವರ ಕೆನ್ನೆಯ ಒಳಗೊಂದು ಹುಣ್ಣಾಯಿತು. ಎಲೆ ಅಡಿಕೆ ಬಿಟ್ಟರೆ ಹೋಗುತ್ತದೆ ಎಂದುಕೊಂಡಿದ್ದರು, ಹೋಗಲಿಲ್ಲ. ಕ್ಯಾನ್ಸರ್ ಎಂದು ಬೇರೆ ಊರಿನ ಆಸ್ಪತ್ರೆಯಲ್ಲಿ ಆರು ವಾರ ರೇಡಿಯೇಶನ್ನಿನ ಕರೆಂಟ್ ಕೊಡಿಸಿಕೊಂಡು ಬಂದರು. ಬಂದ ಮರುವಾರವೇ ಪುಟ ಶುರುವಾಯಿತು. ಸಿರುಗುಪ್ಪದ ಬಸ್ ನಿಲ್ದಾಣದ ಹಿಂದೆ ಮಂಡಕ್ಕಿ ಒಗ್ಗರಣಿ-ಮಿರ್ಚಿ ಮಾಡುವ ಅಮ್ಮನೊಬ್ಬರಿದ್ದಾರೆ. ಅವರ ಶೇಂಗಾ ಚಟ್ನಿಯನ್ನು ಸರ್ ಬಾಯ್ತುಂಬ ಹೊಗಳಿ ಬರೆದಿದ್ದರು. ನನಗೆ ಖುಷಿಯೋ ಖುಷಿ. ಆ ಭಾನುವಾರ ಪತ್ರಿಕೆ ಹಿಡಿದುಕೊಂಡು ಅಲ್ಲಿಗೇ ಹೋದೆ. ಆ ಅಮ್ಮ ಪುಟ ನೋಡಿ ನಗಲಿಲ್ಲ.

"ಅವತ್ತು ಚಟ್ನಿಗೆ ಉಪ್ಪ ಹಾಕೋದು ಮರ್ತಿದ್ನೆವ್ವ" ಎಂದರು. "ನಿಮ್ಮ ಸರ್ ಹೋದ ಮ್ಯಾಲೆ ಬಂದೋರು ಬೈದ್ರು, ಆಗ ಗೊತ್ತಾತು. ಅಂಥಾ ಮನಷ್ಯಾ ಒಂದ ಮಾತೂ ಅನ್ನಲಿಲ್ಲ. ಮ್ಯಾಲೆ ಹಿಂಗ ಬರದಾರ. ನಮ್ಮನ್ನ ನೋಡಿ ಅಯ್ಯೋ ಅನಸ್ತೇನು ಅವ್ರಿಗೆ?"

ಅಲ್ಲಿಂದ ನೇರ ಕಂಟೋನ್ಮೆಂಟಿಗೆ ಬಂದೆ. ಸರ್ ಮಾಳಿಗೆಯ ಮೇಲೆ ಕರಿಬೇವಿನ ಎಲೆಯೊಂದನ್ನು ಉಜ್ಜಿ ಮೂಗಿಗೆ ಹಿಡಿದು ಕೂತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಎಲೆ ಕೆಳಗಿಟ್ಟರು.

"ನಾಲಿಗಿ ಹೋತು ತಂಗೆವ್ವ, ಅದರ ಹಿಂದ ಮೂಗೂ ಹೋತು. ಮಿರ್ಚಿ ಸದ್ದು ಮಾಡ್ತು, ಅದನ್ನ ನಂಬಿದೆ. ಚಟ್ನಿ ಸದ್ದು ಮಾಡಂಗಿಲ್ಲಲ್ಲ" ಎಂದರು. ಅವರ ಹೆಂಡತಿ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡರು. ಆ ದಿನದವರೆಗೆ ಅವರಿಗೂ ಗೊತ್ತಿರಲಿಲ್ಲ. ಮನೆಯ ಸಾರಿಗೂ ಸರ್ ದಿನಾ ಚಲೋ ಆಗೇತಿ ಎನ್ನುತ್ತಿದ್ದರಂತೆ.

ಮುಂದಿನ ಶನಿವಾರ 'ತಿನ್ನಲಿಕ್ಕೆ' ಚೌಕದಲ್ಲಿ ಹೀಗೆ ಬಂತು: "ಹೋದ ವಾರ ನಾನು ಹೊಗಳಿದ ಚಟ್ನಿಗೆ ಉಪ್ಪಿರಲಿಲ್ಲ. ನನ್ನ ನಾಲಗೆ ಸತ್ತಿದೆ. ಅದನ್ನು ಮುಚ್ಚಿಟ್ಟು ನೆನಪಿನಿಂದ ಬರೆದೆ. ತಪ್ಪಾಯಿತು. ಇನ್ನು ರುಚಿ ನೋಡುವವರು ಬೇರೆ, ಬರೆಯುವವನು ನಾನು." ರುಚಿ ನೋಡುವವಳು ನಾನಾದೆ.

ಒಂದೂವರೆ ವರ್ಷ ಹಾಗೆ ನಡೆಯಿತು. ಸತ್ಯನಾರಾಯಣಪೇಟೆಯ ಹೋಳಿಗೆ, ಸಿರುಗುಪ್ಪದ ಹೊಸ ಅಕ್ಕಿಯ ಅನ್ನ, ಎಲ್ಲವನ್ನೂ ತಿಂದು ಹೋಗಿ ಅವರ ಮುಂದೆ ಒಪ್ಪಿಸಬೇಕಿತ್ತು. ಚೆನ್ನಾಗಿತ್ತು ಎಂದರೆ ರೇಗುತ್ತಿದ್ದರು. "ಖಾರ ಎಲ್ಲಿ ಹತ್ತಿತು? ನಾಲಿಗಿ ತುದಿಗೋ, ಗಂಟಲಿಗೋ? ಬೆಲ್ಲ ಮೊದಲು ಬಂತೋ, ಯಾಲಕ್ಕಿ ಮೊದಲು ಬಂತೋ?" ನಾನು ಹೇಳುತ್ತ ಹೋದ ಹಾಗೆ ಅವರ ಗಂಟಲ ಮಣಿ ಮೇಲೆ ಕೆಳಗೆ ಆಡುತ್ತಿತ್ತು. ನನ್ನ ಮಾತನ್ನೇ ನುಂಗುತ್ತಿದ್ದಾರೆ ಅನಿಸಿ ಸಂಕಟವಾಗುತ್ತಿತ್ತು. ನನಗೆ ನಾಲಗೆ ಇದೆ ಎಂದು ಗೊತ್ತಾದದ್ದೇ ಆ ದಿನಗಳಲ್ಲಿ.

ಹೋದ ವರ್ಷ ಜಾಡಿಗೆ ದ್ರಾಕ್ಷಿ ಹಾಕಿದ ಮೇಲೆ ಕಾಯಿಲೆ ಮರಳಿತು, ಈ ಸಲ ಗಂಟಲಿಗೆ ಗಂಟು ಬಂತು. ಗಂಡ ಹೆಂಡತಿ ಇಬ್ಬರೂ ಹತ್ತು ದಿನ ಆಸ್ಪತ್ರೆಯಲ್ಲಿದ್ದರು. ಬೀಗ ಹಾಕಿದ ಮನೆಯಲ್ಲಿ ಜಾಡಿಗೆ ಕೈಯಾಡಿಸುವವರು ಇರಲಿಲ್ಲ. ನಲವತ್ತನೆಯ ದಿನ ಭಾನುವಾರ ಬಿತ್ತು. ಸರ್ ಸ್ವೆಟರ್ ಹಾಕಿಕೊಂಡು, ಎರಡು ದಿಂಬಿಗೆ ಒರಗಿ ಕೂತಿದ್ದರು. ನಾನು ಅಮ್ಮ ಎಂದೇ ಕರೆಯುವ ಅವರ ಹೆಂಡತಿ ಸಣ್ಣ ಗ್ಲಾಸಿಗೆ ವೈನ್ ಸೋಸಿ ತಂದರು.

ಒಂದು ಗುಟುಕು ಕುಡಿದೆ. ಕೆಟ್ಟ ಹುಳಿ ಗಂಟಲನ್ನು ಹಿಡಿಯಿತು. ವೈನ್ ಪೂರ್ತಿ ಹಾಳಾಗಿತ್ತು.

"ಹೆಂಗೈತಿ?" ಎಂದರು.

"ಚಲೋ ಐತ್ರಿ ಸರ್. ಹೋದ ವರ್ಷಕ್ಕಿಂತ ಚಲೋ ಐತಿ."

ಅವರು ಇನ್ನೊಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆಗಲೇ ನನಗೆ ತಿಳಿಯಬೇಕಿತ್ತು.

ಬುಧವಾರ ಎಂದಿನ ಹಾಗೆ ಅವರ ಕೈಬರಹದ ಫೋಟೋ ಮೊಬೈಲಿಗೆ ಬಂತು. 'ಕುಡಿಯಲಿಕ್ಕೆ' ಚೌಕದಲ್ಲಿ ಹೀಗಿತ್ತು: "ಈ ವರ್ಷ ನಮ್ಮ ಮನೆಯ ವೈನ್ ಕೆಟ್ಟಿದೆ. ರುಚಿ ನೋಡಿದವರು ಹೇಳಲಿಲ್ಲ, ಅವರ ಮುಖ ಹೇಳಿತು. ಮಾಡುವವರು ದಿನಾ ಕೈಯಾಡಿಸಿ." ಅದನ್ನು ನನ್ನ ಕೈಯಿಂದಲೇ ಟೈಪ್ ಮಾಡಬೇಕಿತ್ತು. ಫೋನ್ ಮಾಡಿ, "ಸರ್, ಸಿಟ್ಟೇನ್ರಿ?" ಎಂದೆ.

"ಸಿಟ್ಟಲ್ಲ ತಂಗೆವ್ವ." ದನಿ ಗಾಳಿಯಷ್ಟೇ ಉಳಿದಿತ್ತು. "ಡಾಕ್ಟ್ರು ಆರಾಮ ಆಗ್ತೀರಿ ಅಂತಾರ. ನಮ್ಮಾಕಿನೂ ಅಂತಾಳ. ನೋಡಾಕ ಬಂದೋರೆಲ್ಲಾ ಅಂತಾರ. ಖರೇ ಹೇಳಾಕ ನೀ ಒಬ್ಬಾಕಿ ಉಳದಿದ್ದಿ."

ನಾನು ಬಾತ್‌ರೂಮಿಗೆ ಹೋಗಿ ಅತ್ತೆ. ಬಂದು ಒಂದಕ್ಷರ ಬಿಡದೆ ಟೈಪ್ ಮಾಡಿದೆ. ಪುಟ ಹಾಗೆಯೇ ಅಚ್ಚಾಯಿತು. ಮುಂದಿನ ಬುಧವಾರ ಫೋಟೋ ಬರಲಿಲ್ಲ.

ಗುರುವಾರ ಸಂಜೆ ನೋಡಲು ಹೋದೆ. ಹಾಸಿಗೆಯಲ್ಲಿ ಅವರೆಷ್ಟು, ಹೊದಿಕೆಯೆಷ್ಟು ಎಂದು ತಿಳಿಯದ ಹಾಗಿತ್ತು. ಅಮ್ಮ ಕಾಲ ಬಳಿ ಕೂತು, "ನಿನ್ನೀಗಿಂತ ಇವತ್ತ ಆರಾಮದಾರ ನೋಡವ್ವ" ಎಂದರು. ಸರ್ ಅವರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು. ತುಟಿ ಮಾತ್ರ ಅಲ್ಲಾಡಿತು.

"ಹೆಂಗೈತಿ?"

ಹೋಳಿಗೆಯ ಬಗ್ಗೆಯೋ ವೈನಿನ ಬಗ್ಗೆಯೋ ಕೇಳುತ್ತಿದ್ದ ಅದೇ ಧಾಟಿ. ನಾನು ಅವರ ಕೈ ಹಿಡಿದುಕೊಂಡೆ.

"ಭಾಳ ಇಳದೀರಿ ಸರ್" ಎಂದೆ. "ಕೈ ತಣ್ಣಗಾಗೇತಿ. ನೀವು ಉಳಿಯಂಗಿಲ್ಲ ಅನಸ್ತೈತಿ. ನನಗ ಅಂಜಿಕಿ ಆಗೇತಿ."

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಸರ್ ಕಣ್ಣು ಮುಚ್ಚಿಕೊಂಡರು. ಅವರ ಗಂಟಲ ಮಣಿ ಒಮ್ಮೆ ಮೇಲೆದ್ದು ಇಳಿಯಿತು.

"ಹ್ಞಾಂ" ಎಂದರು. "ಈಗ ಉಪ್ಪು ಸರಿ ಐತಿ."

ಶುಕ್ರವಾರ ಬೆಳಿಗ್ಗೆ ಅವರು ಹೋದರು. ಶನಿವಾರದ ಪುಟದ ನಾಲ್ಕು ಚೌಕಗಳನ್ನೂ ನಾನು ಖಾಲಿ ಬಿಟ್ಟೆ.