ಬಿಟ್ಟ ಪುಟಕ್ಕೇ ಮರಳಿಸಿದವರು

ತಂತ್ರಾಂಶ ಬರೆಯುವವರು ಅನೇಕರಿದ್ದಾರೆ. ಅದನ್ನು ಬಳಸುವವರ ಪಕ್ಕ ಸ್ಟೂಲು ಹಾಕಿಕೊಂಡು ಕೂತು ನೋಡುವವರು ವಿರಳ. ಮೂವತ್ತೆರಡು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಪ್ರೋಗ್ರಾಮರ್ ಸರ್ ಆ ವಿರಳರಲ್ಲಿ ಒಬ್ಬರು. ಏಳನೆಯ ತರಗತಿಗೇ ಶಾಲೆ ಬಿಟ್ಟ ನನಗೆ ಅವರ ಬಗ್ಗೆ ಬರೆಯಲು ಅಂಜಿಕೆ; ಬರೆಯದಿರಲು ಅದಕ್ಕಿಂತ ಹೆಚ್ಚಿನ ಅಂಜಿಕೆ.

ಆಸ್ಪತ್ರೆಯ ಹಳೆಯ ಕಡತಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸಕ್ಕೆ ನಾನು ಸೇರಿದಾಗ, ಪಕ್ಕದ ಕುರ್ಚಿಯಲ್ಲಿ ಮಂಡಿನೋವಿನ ಅಕ್ಕ ಒಬ್ಬರಿದ್ದರು. ಸರ್ ಮಾಡಿದ್ದ ತಂತ್ರಾಂಶ ಹತ್ತು ನಿಮಿಷ ಮುಟ್ಟದಿದ್ದರೆ ಮತ್ತೆ ಪಾಸ್‌ವರ್ಡ್ ಕೇಳುತ್ತಿತ್ತು. ಕೊಟ್ಟರೆ, ಬಿಟ್ಟುಹೋದ ಪುಟಕ್ಕಲ್ಲ, ಮೊಟ್ಟಮೊದಲ ಪುಟಕ್ಕೆ ಒಯ್ದು ನಿಲ್ಲಿಸುತ್ತಿತ್ತು. ಅರ್ಧ ತುಂಬಿದ್ದೆಲ್ಲ ಅಳಿಸಿಹೋಗಿರುತ್ತಿತ್ತು. ತುಂಬುವ ನಡುವೆ ಬೇಕಾದ ಕಡತವನ್ನು ಹಿಂದಿನ ಕೋಣೆಯ ಕಪಾಟಿನಿಂದ ನಾನು ತೆಗೆದುಕೊಂಡು ಓಡಿ ಬರುತ್ತಿದ್ದೆ. ಅಕ್ಕ ಗೋಡೆ ಹಿಡಿದು ಬರುವಷ್ಟರಲ್ಲಿ ಹತ್ತು ನಿಮಿಷ ದಾಟಿರುತ್ತಿತ್ತು.

"ನೋಡೇ, ಮತ್ತೆ ಹೊಸಿಲಿಗೇ ತಂದು ಬಿಟ್ಟ ಕಂಪ್ಯೂಟರಪ್ಪ!" ಎಂದು ನಗುತ್ತಿದ್ದರು. "ನೀನಾದ್ರೂ ಮೇಲಿನವರಿಗೆ ಹೇಳೇ. ನಾನು ಹೇಳಿದ್ರೆ ನೆಪ ಅಂತಾರೆ."

ನಾನು ಹೇಳಲಿಲ್ಲ. ಬಾಯಿ ಬಿಟ್ಟರೆ ನನ್ನ ಕೆಲಸವೇ ಹೋದೀತೆಂಬ ಭಯ. ಮೂರು ತಿಂಗಳಾದ ಮೇಲೆ ಮೇಲ್ವಿಚಾರಕರು "ಕೈ ನಿಧಾನ" ಎಂಬ ಎರಡೇ ಮಾತಿನಲ್ಲಿ ಅಕ್ಕನನ್ನು ಮನೆಗೆ ಕಳಿಸಿದರು.

ಅದಾಗಿ ವಾರಕ್ಕೆ ಸರ್ ಬಂದು ನನ್ನ ಪಕ್ಕ ಕೂತರು. ಹುಡುಕಿದ ಕಡತ ಬೇಗ ಸಿಗದೆ ಅಂದು ನನಗೂ ತಡವಾಯಿತು. ಪರದೆ ಮೊದಲ ಪುಟಕ್ಕೆ ಹಾರಿತು.

"ದಿನಾ ಹೀಗೇನಾಮ್ಮ?"

"ಈ ಪಕ್ಕದ ಕುರ್ಚಿ ಅಕ್ಕಂಗೆ ದಿನಾ ಹೀಗೇ ಆಗ್ತಿತ್ತು ಸರ್. ಕೈ ನಿಧಾನ ಅಂತ ಹೋದ್ವಾರ ಮನೆಗೆ ಕಳಿಸಿಬಿಟ್ರು."

ಅವರು ಕನ್ನಡಕ ತೆಗೆದರು. "ನನ್ನ ಕುರ್ಚೀಲಿ ಕೂತು ಗಡಿಯಾರ ನೋಡ್ಕೊಂಡು ಹತ್ತು ನಿಮಿಷ ಸಾಕು ಅಂತ ಇಟ್ಟೆ. ಕಪಾಟು ಎಷ್ಟು ದೂರ ಅಂತ ಒಂದ್ಸಲಾನೂ ನಡೆದು ನೋಡ್ಲಿಲ್ಲ."

ಎರಡೇ ದಿನದಲ್ಲಿ ಸರಿಪಡಿಸಿದರು: ಪಾಸ್‌ವರ್ಡ್ ಕೊಟ್ಟೊಡನೆ ಬಿಟ್ಟ ಪುಟ, ತುಂಬಿದ್ದಷ್ಟೂ ಹಾಗೆಯೇ. ಅಕ್ಕನಿಗೆ ಮೂರು ಪತ್ರ ಬರೆದರು, ತಾವೇ ಹುಡುಕಿಕೊಂಡು ಹೋದರು. ಅಷ್ಟರಲ್ಲಿ ಆಕೆ ಮನೆ ಖಾಲಿ ಮಾಡಿದ್ದರು, ಎಲ್ಲಿಗೆಂದು ಯಾರಿಗೂ ತಿಳಿದಿರಲಿಲ್ಲ. ಆಮೇಲೆ ಹೊಸಬರಿಗೆ ಕೆಲಸ ಕಲಿಸುವಾಗಲೆಲ್ಲ ಸರ್ "ನನ್ನಿಂದ ಒಬ್ಬರ ಅನ್ನ ಹೋಯ್ತು" ಎಂದೇ ಶುರುಮಾಡುತ್ತಿದ್ದರು. ಹಿಂದಿನ ಸಾಲಿನಲ್ಲಿ ನಾನು ನೆಲ ನೋಡುತ್ತಿದ್ದೆ.

ಸರ್, ಎದುರು ನಿಂತು ಹೇಳಲಾರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಹೇಳು ಎಂದು ಅಕ್ಕ ಕೇಳಿಕೊಂಡೂ ಇದ್ದರು. ನೀವು ನೂರ್ಕಾಲ ಬಾಳಬೇಕು, ಇನ್ನೂ ಎಷ್ಟೋ ಮಂದಿಗೆ ಕಲಿಸಬೇಕು. ಆದರೆ ಇನ್ನು ಮುಂದೆ "ನನ್ನಿಂದ" ಎನ್ನಬೇಡಿ. "ನಮ್ಮಿಬ್ಬರಿಂದ" ಎನ್ನಿ.