ಕ್ಯಾಪ್ಟನಮ್ಮನ ಕೊನೆಯ ಕಂತು

ಹತ್ತಿ ಹೊತ್ತಿಕೊಳ್ಳುವಾಗ ಸದ್ದೇ ಆಗುವುದಿಲ್ಲ. ಸೀಮೆಎಣ್ಣೆಗೆ ಬೆಂಕಿ ತಗುಲಿದರೆ ಭುಗ್ಗೆನ್ನುತ್ತದೆ, ಒಣಗಿದ ತೆಂಗಿನ ಗರಿ ಚಟಪಟ ಎನ್ನುತ್ತದೆ. ಹತ್ತಿ ಏನೂ ಅನ್ನುವುದಿಲ್ಲ. ಮೊದಲು ಒಂದು ಕಂದು ಚುಕ್ಕೆ ಕಾಣುತ್ತದೆ, ಬಿಳಿ ಪಂಚೆಯ ಮೇಲೆ ಕಾಫಿ ಚೆಲ್ಲಿದ ಹಾಗೆ. ಆಮೇಲೆ ಆ ಚುಕ್ಕೆಯ ಅಂಚು ಕೆಂಪಾಗಿ ಓಡತೊಡಗುತ್ತದೆ. ನಾನು ಇದನ್ನು ಕಣ್ಣಾರೆ ನೋಡಿದ್ದು ಒಂದೇ ಸಲ. ಆದರೆ ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕೂತಿರುವಾಗ, ಯಾರೋ ಮದುವೆಗೆ ಕರೆಯಲು ಬಂದು ಕುಂಕುಮ ಕೊಡುತ್ತಿರುವಾಗ, ಆ ಚುಕ್ಕೆ ಬಂದುಬಿಡುತ್ತದೆ. ಮನೆಯಲ್ಲಿದ್ದರೆ ಎದ್ದು ಹೋಗಿ ಸ್ವಿಚ್ಚುಗಳನ್ನೆಲ್ಲ ಮುಟ್ಟಿ ನೋಡಿ ಬರುತ್ತೇನೆ.

ತೊಂಬತ್ತರ ದಶಕದ ನಡುವಿನ ಮಾತು. ಚಾಮರಾಜಪುರಂನಲ್ಲಿ, ರೈಲು ಹೋದರೆ ಗೂಡಿನಲ್ಲಿಟ್ಟ ಲೋಟಗಳು ಅದುರುವಷ್ಟು ಹಳಿಗೆ ಹತ್ತಿರವಿದ್ದ ಹಳೆಯ ಮನೆಯಲ್ಲಿ ಅಮ್ಮ, ಅಕ್ಕ, ನಾನು ಇದ್ದೆವು. ಅಪ್ಪ ತೀರಿಕೊಂಡಿದ್ದರು. ನಾನು ಎಂ.ಎ. ಓದುತ್ತಿದ್ದೆ. ಅಕ್ಕ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಡೆಮಾನ್‌ಸ್ಟ್ರೇಟರ್. ಬಿಡುವಿನ ಹೊತ್ತಿನಲ್ಲಿ ಅವಳು ಒಂದು ವಾರಪತ್ರಿಕೆಗೆ ಧಾರಾವಾಹಿ ಬರೆಯುತ್ತಿದ್ದಳು.

ಅದು ಬಾಹ್ಯಾಕಾಶದ ಕತೆ. ಅದರ ನಾಯಕಿಯನ್ನು ಓದುಗರು ಕ್ಯಾಪ್ಟನಮ್ಮ ಎಂದು ಕರೆಯುತ್ತಿದ್ದರು. ಗ್ರಹದಿಂದ ಗ್ರಹಕ್ಕೆ ಸರಕು ಸಾಗಿಸುವ ಹೆಂಗಸು. ಅವಳ ಹಡಗು ನಮ್ಮ ಸಿಟಿ ಬಸ್ಸಿನ ಹಾಗೆ, ನೂಕದೆ ಸ್ಟಾರ್ಟ್ ಆಗುವುದಿಲ್ಲ. ಶನಿಯ ಉಂಗುರದಲ್ಲಿ ಸುಂಕದವನು ತಡೆದರೆ, ಉಂಗುರ ನಿಮ್ಮಪ್ಪ ಮಾಡಿಸಿದ್ದಾ ಎಂದು ಕೇಳಿ ಮುಂದೆ ಹೋಗುವವಳು. ಒಂದು ಕಂತಿನಲ್ಲಿ ಅವಳ ಹಡಗಿಗೆ ಬಾಂಬು ಬಿದ್ದು ಗೋಡೆ ತೂತಾಗುತ್ತದೆ. ಅವಳು ಆ ತೂತಿಗೆ ತನ್ನ ಬೆನ್ನು ಕೊಟ್ಟು ಕೂತು, ಹೇಗೂ ಕೂತಿದ್ದಾಯಿತಲ್ಲ ಎಂದು ಹುರುಳಿಕಾಯಿ ಬಿಡಿಸುತ್ತಾಳೆ. ಎಂಥ ಅಪಾಯ ಬಂದರೂ ಮೊದಲು ಒಂದು ತಮಾಷೆ, ಆಮೇಲೆ ಕೆಲಸ. ಅಕ್ಕನೂ ಹಾಗೇ ಇದ್ದಳು. ಅಪ್ಪನ ಕಾರ್ಯದ ದಿನ ಪುರೋಹಿತರು ಮಂತ್ರ ಮರೆತು ತಡವರಿಸಿದಾಗ, ಹಿಂದಿನ ಬೆಂಚಿನಿಂದ ಹೇಳಿಕೊಡಲೇ ಎಂದು ನನ್ನ ಕಿವಿಯಲ್ಲಿ ಕೇಳಿದವಳು.

ಕ್ಯಾಪ್ಟನಮ್ಮನ ಬಾಯಿ ಮಾತ್ರ ಅಕ್ಕನದಲ್ಲ. ಅದು ಕುಂಬಾರಕೊಪ್ಪಲಿನಿಂದ ಬೆಳಿಗ್ಗೆ ಬುಟ್ಟಿ ಹೊತ್ತು ಬರುತ್ತಿದ್ದ ಸೊಪ್ಪಿನವಳದು. ಅಕ್ಕ ಬೇಕೆಂದೇ ಅವಳ ಹತ್ತಿರ ಚೌಕಾಸಿ ಮಾಡಿ ಬೈಸಿಕೊಂಡು, ಆ ಬೈಗುಳವನ್ನೇ ಆ ವಾರದ ಕಂತಿಗೆ ಹಾಕುತ್ತಿದ್ದಳು. ಸೊಪ್ಪಿನವಳಿಗೂ ಅದು ಗೊತ್ತಿತ್ತು. ಅವಳಿಗೆ ಓದು ಬಾರದು. ಜಗಲಿಯ ಮೇಲೆ ಬುಟ್ಟಿಯಿಳಿಸಿ ಕಂತನ್ನು ನನ್ನಿಂದ ಓದಿಸಿ ಕೇಳುತ್ತಿದ್ದಳು. ಕೇಳಿ ಮುಗಿದ ಮೇಲೆ ಒಳಗೆ ಕೇಳಿಸುವ ಹಾಗೆ ಹೇಳುತ್ತಿದ್ದಳು: “ನನ್ ಬಾಯ ಮಾರ್ಕೊಂಡ್ ತಿಂತಾವ್ಳೆ ಕಣವ್ವ ನಿಮ್ಮಕ್ಕ. ನಾ ಸೊಪ್ ಮಾರ್ಕೊಂಡೇ ಸಾಯ್ಬೇಕು.”

ಆ ವರ್ಷ ದಸರೆಯ ಹೊತ್ತಿಗೆ ಕತೆ ಒಂದು ಕಷ್ಟದ ಜಾಗಕ್ಕೆ ಬಂದಿತ್ತು. ಒಂಬತ್ತು ತಲೆಯ ಚಕ್ರವರ್ತಿಯೊಬ್ಬ ಕ್ಯಾಪ್ಟನಮ್ಮನನ್ನು ಹಿಡಿಸಿ ತನ್ನ ಆಸ್ಥಾನದಲ್ಲಿ ನಿಲ್ಲಿಸಿದ್ದ. ತಪ್ಪಾಯಿತು ಎಂದು ಒಂದು ಮಾತು ಹೇಳಿದರೆ ಬಿಟ್ಟುಬಿಡುತ್ತೇನೆ, ಇಲ್ಲದಿದ್ದರೆ ಹಡಗಿನ ಜೊತೆ ನಿನ್ನನ್ನೂ ಸುಡಿಸುತ್ತೇನೆ ಎಂದಿದ್ದ. ಅಲ್ಲಿಗೆ ಕಂತು ನಿಂತಿತ್ತು. ಏನು ಹೇಳುತ್ತಾಳೆ ಎಂದು ನಾನು ಎಷ್ಟು ಕಾಡಿದರೂ ಅಕ್ಕ ಬಾಯಿ ಬಿಡಲಿಲ್ಲ. ಅವನು ಒಂಬತ್ತು ತಲೆಯನ್ನೂ ಕೆಳಗೆ ಹಾಕುವಂಥ ಮಾತು ಹೇಳ್ತಾಳೆ ನೋಡ್ತಿರು ಎಂದಷ್ಟೇ ಅಂದಳು.

ನಮ್ಮ ಕೇರಿಯ ಮಕ್ಕಳು ಆ ಸಲ ಗೊಂಬೆ ಕೂರಿಸುವಾಗ ಕ್ಯಾಪ್ಟನಮ್ಮ ಬೇಕು ಎಂದು ಹಟ ಹಿಡಿದರು. ಅಕ್ಕನಿಗೂ ಅದೇ ಬೇಕಾಗಿತ್ತು. ಗೊಂಬೆ ಕೂರಿಸುವ ಮೆಟ್ಟಿಲುಗಳ ಹಿಂದೆ ಕಪ್ಪು ಕಾಗದ ಅಂಟಿಸಿ ಆಕಾಶ ಮಾಡಿದಳು. ಅದರ ಮೇಲೆ ಹತ್ತಿಯನ್ನು ಹಿಂಜಿ ಹಿಂಜಿ ಹರಡಿ ಆಕಾಶಗಂಗೆ. ಹತ್ತಿಯ ಒಳಗೆ ಸೀರಿಯಲ್ ಸೆಟ್ಟಿನ ಸಣ್ಣ ದೀಪಗಳು. ವೈರು ಒಂದು ಕಡೆ ತುಂಡಾಗಿತ್ತು. ಕರಿ ಟೇಪು ಸಿಗಲಿಲ್ಲವೆಂದು ಪುಸ್ತಕಕ್ಕೆ ಅಂಟಿಸುವ ಟೇಪನ್ನೇ ಸುತ್ತಿದಳು. ಲ್ಯಾಬಿನಲ್ಲಿ ಹುಡುಗಿಯರು ದುಪಟ್ಟಾ ಬಿಗಿಯಾಗಿ ಕಟ್ಟದಿದ್ದರೆ ಬರ್ನರ್ ಹತ್ತಿರ ಬಿಡದವಳು ಅವಳು.

ಕ್ಯಾಪ್ಟನಮ್ಮ ಆಗಬಲ್ಲ ಗೊಂಬೆ ನಮ್ಮ ಪೆಟ್ಟಿಗೆಯಲ್ಲಿ ಇರಲಿಲ್ಲ. ಆಗ ಅಕ್ಕ ಪಟ್ಟದ ರಾಣಿಯನ್ನೇ ತೆಗೆದುಕೊಂಡಳು. ಪಟ್ಟದ ಗೊಂಬೆಗಳೆಂದರೆ ಮದುವೆಯಲ್ಲಿ ತವರಿನವರು ಮಗಳಿಗೆ ಕೊಡುವ ಮರದ ರಾಜ ರಾಣಿ. ಮೊದಲು ಅವನ್ನು ಕೂರಿಸಿ, ಆರತಿ ಎತ್ತಿ, ಆಮೇಲೆ ಉಳಿದದ್ದು. ನಮ್ಮ ಮನೆಯವು ಅಮ್ಮನ ಮದುವೆಯವು. ಅಕ್ಕ ಅರ್ಧ ತೆಂಗಿನ ಚಿಪ್ಪಿಗೆ ಬೆಳ್ಳಿ ಕಾಗದ ಸುತ್ತಿ ರಾಣಿಯ ತಲೆಗೆ ಇಟ್ಟಳು. ಬೇಡ ಕಣೇ ಎಂದಳು ಅಮ್ಮ. ನನಗೆ ಪಟ್ಟದ ಗೊಂಬೆ ಕೊಡೋ ಯೋಗ ನಿನಗಿಲ್ಲ, ಇವಳನ್ನಾದರೂ ನಾಲ್ಕು ಗ್ರಹ ಸುತ್ತಿಸಿಕೊಂಡು ಬರ್ತೀನಿ ಎಂದಳು ಅಕ್ಕ. ಅಮ್ಮ ನಕ್ಕುಬಿಟ್ಟಳು. ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಮಕ್ಕಳು ನೋಡಲು ಬಂದಾಗ ಚಿಪ್ಪು ಇರಲಿ. ಅವರು ಹೋದ ಮೇಲೆ ಅಮ್ಮ ಅದನ್ನು ತೆಗೆದಿಟ್ಟು, ರಾಣಿಯನ್ನು ಮತ್ತೆ ರಾಣಿ ಮಾಡಿ, ಆರತಿ ಎತ್ತುತ್ತಾಳೆ.

ಆ ಸಂಜೆಯೂ ಮಕ್ಕಳು ಬಂದು, ಕ್ಯಾಪ್ಟನಮ್ಮನನ್ನು ನೋಡಿ ಕೇಕೆ ಹಾಕಿ, ಗೊಂಬೆ ನೋಡಿದವರಿಗೆ ಕೊಡುವ ಚರಪಿನ ತಿಂಡಿ ಇಸಿದುಕೊಂಡು ಪಕ್ಕದ ಮನೆಗೆ ಓಡಿದ್ದರು. ಉಳಿದ ಕಡಲೆ ಉಸಲಿಯ ಪಾತ್ರೆ ಹಿಡಿದು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ರೇಷ್ಮೆ ಸೀರೆಯನ್ನು ಆರತಿಯ ಹೊತ್ತಿಗೆ ಉಟ್ಟರಾಯಿತೆಂದು ಅಮ್ಮ ಪಾಲಿಯೆಸ್ಟರ್ ಸೀರೆಯಲ್ಲೇ ಇದ್ದಳು. ಚಿಪ್ಪು ತೆಗೆಯಲು ಮೆಟ್ಟಿಲುಗಳ ಮೇಲೆ ಬಾಗಿದಳು. ಅವಳ ಸೆರಗು ಆಕಾಶಗಂಗೆಯ ಮೇಲೆ ಬಿತ್ತು. ದೀಪಗಳು ಒಮ್ಮೆ ಆರಿ ಹತ್ತಿದವು. ಆಗ ಆ ಕಂದು ಚುಕ್ಕೆ ಕಾಣಿಸಿತು.

ಅಕ್ಕ ಪಕ್ಕದಲ್ಲೇ ನಿಂತಿದ್ದಳು. ನನಗಿಂತ ಮೊದಲೇ ನೋಡಿದಳು.

“ನೋಡಮ್ಮ, ಸೂರ್ಯ ಹುಟ್ತಾ ಇದ್ದಾನೆ,” ಎಂದಳು.

ಅಮ್ಮ ಕತ್ತು ತಿರುಗಿಸಿ ನೋಡಿದಳು. ಅವಳ ಮುಖದಲ್ಲಿ ನಗು ಇತ್ತು.

ನಾನು ಮತ್ತೆ ಮತ್ತೆ ನೋಡುವುದು ಇಷ್ಟನ್ನೇ. ಬೆಂಕಿಯನ್ನಲ್ಲ, ಆ ಮಾತು ಹೇಳಲು ಹಿಡಿದ ಹೊತ್ತನ್ನು. ಗಡಿಯಾರ ನೋಡಿಕೊಂಡು ಆ ಮಾತನ್ನು ನಾನೇ ಹೇಳಿ ನೋಡಿದ್ದೇನೆ, ಬೇಗ ಹೇಳಿ ನೋಡಿದ್ದೇನೆ, ನಿಧಾನವಾಗಿ ಹೇಳಿ ನೋಡಿದ್ದೇನೆ. ಅಷ್ಟರಲ್ಲಿ ಯಾರಾದರೂ ಏನಾದರೂ ಮಾಡಬಹುದಿತ್ತೇ ಎಂಬುದು ಇವತ್ತಿಗೂ ತಿಳಿದಿಲ್ಲ. ಆಮೇಲಿನದು ನನಗೆ ಚೂರು ಚೂರಾಗಿ ನೆನಪಿದೆ. ಕಪ್ಪು ಕಾಗದ ಸುರುಳಿ ಸುತ್ತಿಕೊಂಡದ್ದು. ಅಕ್ಕ ಅಮ್ಮನನ್ನು ಹಿಂದಿನಿಂದ ಹಿಡಿದುಕೊಂಡು ಬರಿಗೈಯಲ್ಲಿ ಬಡಿಯುತ್ತಿದ್ದದ್ದು. ನಾನು ಜಮಖಾನ ಎಳೆದು ಇಬ್ಬರ ಮೇಲೂ ಹಾಕಿದೆನಂತೆ. ಅಮ್ಮ ಹೇಳುತ್ತಿದ್ದಳು, ನನಗೆ ನೆನಪಿಲ್ಲ. ನೆಲದ ತುಂಬ ಕಡಲೆಕಾಳು ಚೆಲ್ಲಿ, ಬಂದವರೆಲ್ಲ ಜಾರುತ್ತಿದ್ದದ್ದು ನೆನಪಿದೆ.

ಅಮ್ಮ ಬದುಕಿದಳು. ಬೆನ್ನು, ಎಡತೋಳು ಸುಟ್ಟಿದ್ದವು. ಆಸ್ಪತ್ರೆಯಲ್ಲಿ ಬೋರಲಾಗಿ ಮಲಗಿ ಬಹಳ ದಿನ ಕಳೆದಳು. ಬ್ಯಾಂಡೇಜು ಬಿಚ್ಚುವ ಹೊತ್ತಿಗೆ ನಾನು ವಾರ್ಡಿನ ಹೊರಗೆ ಹೋಗಿ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಅಕ್ಕನ ಎರಡು ಅಂಗೈಗಳೂ ಬೆಂದಿದ್ದವು. ಅವಳು ಅಮ್ಮನ ಮಂಚದ ಪಕ್ಕ ಸ್ಟೂಲಿನ ಮೇಲೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದಳು. ಒಂದು ಮಧ್ಯಾಹ್ನ ಅಮ್ಮ ಮುಖವನ್ನು ದಿಂಬಿಗೊತ್ತಿಕೊಂಡೇ ಹೇಳಿದಳು: “ಪಟ್ಟದ ಗೊಂಬೆ ಕಣೇ ಅದು.” ಅದರಲ್ಲಿ ಕೋಪವಿರಲಿಲ್ಲ. ನೋವಿನಲ್ಲಿ ಬಂದ ಮಾತು. ಮತ್ತೆಂದೂ ಅಮ್ಮ ಅದನ್ನು ಎತ್ತಲಿಲ್ಲ. ಆದರೆ ಅಕ್ಕ ಅದನ್ನು ತೀರ್ಪಿನ ಹಾಗೆ ಕೇಳಿಸಿಕೊಂಡು, ತಲೆಯೆತ್ತಿ ಅಮ್ಮನ ಬೆನ್ನನ್ನೇ ನೋಡುತ್ತ ಕೂತಳು.

ಅಕ್ಕ ಮನೆಯಲ್ಲಿದ್ದ ಒಂದು ದಿನ ಸೊಪ್ಪಿನವಳು ನೋಡಲು ಬಂದಳು. ಒಳಗೆ ಬಂದದ್ದು ಅದೇ ಮೊದಲು. ಗೋಡೆಯ ಮಸಿಯನ್ನು ನೋಡಿದಳು, ಅಕ್ಕನ ಕೈಗಳನ್ನು ನೋಡಿದಳು. ಕಣ್ಣಲ್ಲಿ ನೀರಾಡಿದರೂ ಒರೆಸಿಕೊಳ್ಳಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಏನವ್ವ, ಬಿಳೀ ಗ್ಲೌಸ್ ಆಕ್ಕೊಂಡು ಮಾರಾಣಿ ಅಂಗೆ ಕುಂತ್ಬುಟ್ಟಿದ್ದೀಯಾ? ಆ ಒಂಬತ್ ತಲೆಯೋನು ಅಲ್ಲಿ ಕಾಯ್ತಾವ್ನೆ. ಓಗು, ತಲೆಗೊಂದ್ ಬುಟ್ಟು ಬಾ.”

ನಾನು ಅಕ್ಕನ ಮುಖವನ್ನೇ ನೋಡುತ್ತಿದ್ದೆ. ಬೇರೆ ದಿನವಾಗಿದ್ದರೆ ಇದನ್ನು ಬರೆದುಕೊಳ್ಳಲು ಪೆನ್ನು ಹುಡುಕುತ್ತಿದ್ದವಳು ಅವಳು. ಅಕ್ಕ ಬ್ಯಾಂಡೇಜಿನ ಕೈಗಳನ್ನು ಮೆಲ್ಲನೆ ಜೋಡಿಸಿದಳು. “ಬೇಡಮ್ಮ,” ಎಂದಳು. “ಹಾಗೆಲ್ಲ ಮಾತಾಡಬಾರದು.”

ಸೊಪ್ಪಿನವಳು ನನ್ನ ಕಡೆ ತಿರುಗಿ ನೋಡಿದಳು.

ಪತ್ರಿಕೆಯ ಸಂಪಾದಕರು ಎದುರುಮನೆಯ ಫೋನಿಗೆ ಮಾಡಿ ವಿಚಾರಿಸುತ್ತಿದ್ದರು. ಒಳ್ಳೆಯವರು, ಅವಸರ ಮಾಡಲಿಲ್ಲ. ಅಕ್ಕ ಹೇಳಲಿ, ನೀವು ಬರೆದುಕೊಳ್ಳಿ, ಒಂದು ಕಂತು ಬಂದರೆ ಅವರಿಗೂ ಮನಸ್ಸು ಹಗುರವಾದೀತು ಎಂದರು. ನನಗೂ ಅದೇ ಆಸೆ. ಕ್ಯಾಪ್ಟನಮ್ಮ ಬಾಯಿ ತೆರೆದರೆ ಅಕ್ಕ ವಾಪಸು ಬರುತ್ತಾಳೆ ಎಂದು ನಂಬಿದ್ದೆ. ಒಂದು ಬೆಳಿಗ್ಗೆ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಅವಳೆದುರು ಕೂತೆ. ಹಿಂದಿನ ಕಂತಿನ ಕೊನೆಯನ್ನು ಓದಿ ಹೇಳಿದೆ. ಒಂಬತ್ತು ತಲೆಗಳೂ ಕಾಯುತ್ತಿದ್ದವು.

“ಬರ್ಕೋ,” ಎಂದಳು ಅಕ್ಕ. “ತಪ್ಪಾಯಿತು ಸ್ವಾಮಿ, ಅಂದಳು.”

ಬರೆದುಕೊಂಡು, ಇದರ ಹಿಂದೆ ಏನೋ ಬರುತ್ತದೆ ಎಂದು ಪೆನ್ನು ಹಿಡಿದೇ ಇದ್ದೆ. ಆಮೇಲೆ ಎಂದು ಕೇಳಿದೆ.

“ಆಮೇಲೇನಿಲ್ಲ. ಮುಗಿಯಿತು ಅಂತ ಹಾಕು.”

ನಾನು ವಾದ ಮಾಡಿದೆ. ಅದು ವೈರಿನ ತಪ್ಪು, ಆ ಟೇಪಿನ ತಪ್ಪು, ನಿನಗಿಂತ ಚೆನ್ನಾಗಿ ಇದನ್ನು ಬಲ್ಲವರು ಯಾರಿದ್ದಾರೆ, ಗೊಂಬೆಗೂ ಇದಕ್ಕೂ ಏನು ಸಂಬಂಧ ಎಂದೆಲ್ಲ. ಅಕ್ಕ ತಾಳ್ಮೆಯಿಂದ ಕೇಳಿದಳು, ಲ್ಯಾಬಿನಲ್ಲಿ ದಡ್ಡ ಹುಡುಗಿಯ ಉತ್ತರ ಕೇಳುವ ಹಾಗೆ.

“ಟೇಪು ನನಗೂ ಗೊತ್ತು ಕಣೇ,” ಎಂದಳು. “ನಾನು ನೋಡಿದೆ. ನೋಡಿ ತಮಾಷೆ ಮಾಡ್ತಾ ನಿಂತೆ. ಅಮ್ಮ ನನ್ನ ಮಾತಿಗೆ ನಗೋಕೆ ಅಂತ ತಿರುಗಿದಳು.”

ಮುಗಿಯಿತು ಎಂದು ಬರೆದು ಪೆನ್ನಿನ ಕ್ಯಾಪು ಹಾಕಿದೆ.

ಆ ಹಾಳೆಯನ್ನು ಸಂಪಾದಕರಿಗೆ ಕಳಿಸಿದೆ. ಅವರು ಅದನ್ನು ಹಾಕಲಿಲ್ಲ. ಲೇಖಕಿಯ ಅನಾರೋಗ್ಯದಿಂದ ಧಾರಾವಾಹಿ ನಿಂತಿದೆ ಎಂದು ಪುಟದ ಕೆಳಗೆ ಅಚ್ಚಾಯಿತು. ಅದರ ಮರುವಾರ ಆ ಪುಟದಲ್ಲಿ ಅಡುಗೆಯ ಅಂಕಣ ಬಂತು. ಸೊಪ್ಪಿನವಳು ಮಾತ್ರ ಬಿಡದೆ ಕೇಳುತ್ತಿದ್ದಳು, ಕೊನೆಗೆ ಏನಂದ್ಲು ಅಂತ. ಒಂದು ದಿನ ಜಗಲಿಯಲ್ಲಿ ದನಿ ತಗ್ಗಿಸಿ ಹೇಳಿದೆ. ಅವಳು ಕೊತ್ತಂಬರಿ ಕಟ್ಟುಗಳನ್ನು ಮತ್ತೆ ಬುಟ್ಟಿಗೆ ಜೋಡಿಸಿಕೊಂಡಳು.

“ಅವ್ಳು ಅಂಗನ್ನಕ್ಕಿಲ್ಲ ಕಣವ್ವ,” ಎಂದಳು. “ಅದು ಬ್ಯಾರೆ ಯಾರೋ ಅಂದಿರೋದು.” ಆಮೇಲೂ ಅವಳು ಸೊಪ್ಪು ತರುತ್ತಿದ್ದಳು. ಆದರೆ ಅಕ್ಕನಿಗೆ ಬೈಯಲಿಲ್ಲ, ಅಕ್ಕ ಚೌಕಾಸಿ ಮಾಡಲಿಲ್ಲ.

ಅಕ್ಕನ ಅಂಗೈ ವಾಸಿಯಾಯಿತು. ಪೆನ್ನು ಹಿಡಿಯಬಹುದು ಎಂದರು ಡಾಕ್ಟರು. ಹಿಡಿಯಲಿಲ್ಲ. ಇನ್ನು ಬರ್ನರ್ ಹಚ್ಚಲಾರೆನೆಂದು ಲ್ಯಾಬಿನ ಕೆಲಸ ಬಿಟ್ಟು, ಒಂದು ಆಫೀಸಿನಲ್ಲಿ ಟೈಪು ಮಾಡುವ ಕೆಲಸಕ್ಕೆ ಸೇರಿದಳು. ಯಾರಾದರೂ ತಮಾಷೆ ಮಾಡಿದರೆ ಈಗ ಮೊದಲು ಅವಳ ಕಣ್ಣು ಗೋಡೆಯ ಮೇಲಿನ ವೈರುಗಳ ಕಡೆ ಹೋಗುತ್ತದೆ. ಎರಡು ಸಾವಿರದ ಇಸವಿಯ ನಂತರದ ಒಂದು ಚಳಿಗಾಲದಲ್ಲಿ ಅಮ್ಮ ಹೃದಯದ ತೊಂದರೆಯಿಂದ ತೀರಿಕೊಂಡಳು. ಆಗ ಪುರೋಹಿತರು ಎಲ್ಲೂ ತಡವರಿಸಲಿಲ್ಲ. ತಡವರಿಸಿದ್ದರೂ ನನ್ನ ಕಿವಿಯ ಹತ್ತಿರ ಯಾರೂ ಬರುತ್ತಿರಲಿಲ್ಲ.

ಗೊಂಬೆ ಕೂರಿಸುವುದನ್ನು ನಾವು ಬಿಟ್ಟಿಲ್ಲ. ಅಕ್ಕ ಬಿಡಗೊಡುವುದಿಲ್ಲ. ಬಿಳಿ ಪಂಚೆ, ಹಳೆಯ ಗೊಂಬೆಗಳು, ಒಂದು ದೀಪವೂ ಇಲ್ಲ. ಆರತಿಯನ್ನೂ ಬಾಗಿಲ ಹತ್ತಿರ ನಿಂತು ಎತ್ತುತ್ತೇವೆ. ರಾಜನಿಗೆ ಆ ದಿನ ಏನೂ ಆಗಿರಲಿಲ್ಲ. ರಾಣಿಯ ಅರ್ಧ ಮುಖ ಕರಿಕಾಗಿದೆ. ಅಕ್ಕ ಅವಳಿಗೆ ಹೊಸ ಸೀರೆ ಉಡಿಸಿ, ಕರಿಕಾದ ಕಡೆ ಸೆರಗು ಹೊದಿಸುತ್ತಾಳೆ. ವಿಜಯದಶಮಿಯಂದು ಆರತಿಯಾದ ಮೇಲೆ ಗೊಂಬೆಗಳನ್ನು ಮಲಗಿಸಬೇಕು. ಮೊದಲು ರಾಣಿಯನ್ನು ಎರಡು ಕೈಯಲ್ಲಿ ಎತ್ತಿ ಮಲಗಿಸುತ್ತಾಳೆ. ಆಗ ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳುತ್ತಾಳೆ.

ಮೊದಮೊದಲು ನಾನು ಏನಾದರೂ ನೆಪ ಮಾಡಿ ಹತ್ತಿರ ಹೋಗುತ್ತಿದ್ದೆ. ರಾಣಿಗೆ ಗುಟ್ಟಾಗಿ ಒಂದು ತಮಾಷೆ ಹೇಳುತ್ತಿರಬಹುದು, ಆ ಒಂಬತ್ತು ತಲೆಯವನಿಗೆ ಕೊಡಬೇಕಾಗಿದ್ದ ಉತ್ತರ ಇಷ್ಟು ವರ್ಷಕ್ಕೆ ಹೊಳೆದಿರಬಹುದು ಎಂದು. ಪ್ರತಿ ಸಲವೂ ಕೇಳಿಸಿದ್ದು ಅದೇ ಒಂದು ಮಾತು, ತಪ್ಪಾಯಿತು. ಈಗ ನಾನು ಹತ್ತಿರ ಹೋಗುವುದಿಲ್ಲ. ಅವಳು ಬಗ್ಗಿದಾಗ ಪಡಸಾಲೆಗೆ ಹೋಗಿ ಮೇನ್ ಸ್ವಿಚ್ಚು ಆರಿಸುತ್ತೇನೆ, ಆರಿದೆಯೇ ಎಂದು ಮತ್ತೊಮ್ಮೆ ಮುಟ್ಟಿ ನೋಡುತ್ತೇನೆ.