ಗುತ್ಯಮ್ಮ ಮುಚ್ಚದ ಪುಟ

ಗುತ್ಯಮ್ಮನಿಗೆ ಐವತ್ತೆರಡು ವರ್ಷ. ನಗರ ಎಂಬ ಊರಿನ ಆಚೆ ಕಾಡಂಚಿನ ಮನೆಗಳಿಗೆ ನಡೆದು ಹೋಗಿ ಯಾರಿಗೆ ಜ್ವರ, ಯಾರಿಗೆ ಉಣ್ಣಿ ಕಚ್ಚಿದೆ ಎಂದು ಬರೆದುಕೊಂಡು ಬರುವುದು ಅವರ ಕೆಲಸ. ಮಂಗನ ಕಾಯಿಲೆಯ ಕಾಲ ಬಂತೆಂದರೆ ಅವರು ಮನೆಯಲ್ಲಿ ಕೂತದ್ದನ್ನು ಯಾರೂ ಕಂಡಿಲ್ಲ. ಓದಿದ್ದು ಏಳನೇ ಕ್ಲಾಸು, ಅಕ್ಷರ ಮಾತ್ರ ನನ್ನದಕ್ಕಿಂತ ದುಂಡಗೆ. ಇಷ್ಟೆಲ್ಲ ಗೌರವ ಇಟ್ಟುಕೊಂಡೇ ಹೇಳುತ್ತೇನೆ: ಆ ಹೆಂಗಸು ನನ್ನ ತಲೆ ತಿಂದಷ್ಟು ಇನ್ಯಾರೂ ತಿಂದಿಲ್ಲ.

ನಾನು ಪದ್ಮಶ್ರೀ, ಸಾಗರದಲ್ಲಿ ಕೂತು ಅಂಥವರಿಗೆ ಆಪ್ ಬರೆಯುವವಳು. ಆ ಕಾಡಂಚಿನಲ್ಲಿ ನೆಟ್‌ವರ್ಕ್ ಇಲ್ಲ. ಬರೆದದ್ದೆಲ್ಲ ಅವರ ಫೋನಿನ ಬ್ರೌಸರಿನೊಳಗೇ ಒಂದು ಡೇಟಾಬೇಸಿನಲ್ಲಿ ಕೂರುತ್ತದೆ, ತಿಂಗಳ ಕೊನೆಗೆ ನನಗೆ ಬರುತ್ತದೆ. ಜ್ವರದ ಸುದ್ದಿಗೆ ಅಷ್ಟು ತಡ ಸಲ್ಲದೆಂದು ನೆಟ್‌ವರ್ಕ್ ಸಿಕ್ಕ ದಿನವೇ ಬರುವಂತೆ ಆಪಿನ ಹೊಸ ರೂಪ ಬರೆದೆ. ಎರಡು ಪುಟಗಳು ಒಟ್ಟಿಗೆ ಬರೆಯಲು ಬಂದರೆ ಡೇಟಾಬೇಸ್ ಅವನ್ನು ಸಾಲಾಗಿ ನಿಲ್ಲಿಸಿ ಒಂದಾದ ಮೇಲೊಂದು ಮುಗಿಸುತ್ತದೆ. ಆದರೆ ಈ ಸಲದಂತೆ ಡೇಟಾಬೇಸಿನ ರಚನೆಯನ್ನೇ ಬದಲಿಸಬೇಕಾದಾಗ ಹಳೆಯ ಪುಟಗಳೆಲ್ಲ ಜಾಗ ಬಿಡಬೇಕು. ಒಂದು ತೆರೆದಿದ್ದರೂ ಹೊಸತು ಕಾಯುತ್ತದೆ. ಕಾಯುತ್ತಲೇ ಇರುತ್ತದೆ.

ಗುರುವಾರ ಗುತ್ಯಮ್ಮ ನೆಟ್‌ವರ್ಕ್ ಸಿಗುವ ನಗರದ ಬಸ್ ಸ್ಟ್ಯಾಂಡಿನಿಂದ ಫೋನ್ ಮಾಡಿದರು. "ಮೇಡಮ್ಮೋರೇ, ನಿಮ್ ಹೊಸಾದು ಗಿರಗಿರ ತಿರುಗ್ತಾನೇ ಇದೆ. ಎಲ್ಲಾ ಡಿಲೀಟ್ ಮಾಡಿ ಮತ್ತೆ ಹಾಕ್ಕೊಳ್ಳಾ?"

ಮೂರು ವಾರ ನಡೆದು ಬರೆದು ಮುಗಿಸಿದ ಅರವತ್ತೊಂದು ಮನೆಗಳ ವಿವರ ಆ ಫೋನಿನಲ್ಲಲ್ಲದೆ ಬೇರೆಲ್ಲೂ ಇರಲಿಲ್ಲ.

"ಅಯ್ಯೋ, ಬೇಡ! ಹಳೇ ಪುಟ ತೆರೆದೇ ಇದೆ. ಅದನ್ನ ಮುಂದೆ ಮಾಡಿ."

ನಮ್ಮಮ್ಮ ಧರ್ಮಾವತಿ ಅಪಶಕುನವೆಂದು ಮನೆಯಲ್ಲಿ 'ಮುಚ್ಚು' ಎಂಬ ಮಾತು ಆಡಗೊಟ್ಟವಳಲ್ಲ. ಬಾಗಿಲನ್ನು ಮುಚ್ಚಬಾರದು, ಮುಂದೆ ಮಾಡಬೇಕು. ಆ ಅಭ್ಯಾಸ ನನ್ನ ನಾಲಗೆಗೂ ಅಂಟಿದೆ.

"ಮಾಡ್ದೆ" ಎಂದರು. ತಿರುಗುವುದು ನಿಲ್ಲಲಿಲ್ಲ.

"ಇನ್ನೊಂದ್ಸಲ ಮಾಡಿ."

"ಮಾಡ್ದೆ ಕಣ್ರೀ."

ಹೀಗೆ ನಾಲ್ಕು ಸಲ. ಸಿಟ್ಟು ನೆತ್ತಿಗೇರಿತು. "ಏನು ಮಾಡ್ತಿದೀರಿ, ಸ್ವಲ್ಪ ಬಿಡಿಸಿ ಹೇಳ್ತೀರಾ?"

"ನೀವ್ ಹೇಳಿದ್ದೇ. ಕೆಳಗೆ ಹಸಿರು ಬಟನ್ ಮೇಲೆ 'ಮುಂದೆ' ಅಂತ ಬರ್ದಿದ್ಯಲ್ಲ, ಅದನ್ನ ಒತ್ತಿದೆ."

ಆ ಬಟನ್ ಇಟ್ಟವಳು ನಾನೇ. ಒತ್ತಿದರೆ ಪುಟ ಮುಚ್ಚುವುದಿಲ್ಲ. ಬರೆದಷ್ಟನ್ನು ಉಳಿಸಿ ಮುಂದಿನ ಮನೆಗೆ ಖಾಲಿ ಪುಟ ತೆರೆಯುತ್ತದೆ.

"ಅದಲ್ಲ! ಮೇಲೆ ಇಂಟು ಮಾರ್ಕ್ ಇದೆ ನೋಡಿ, ಅದನ್ನ ಒತ್ತಿ. ಅಲ್ಲ, ಇಷ್ಟು ದಿನ ಯಾಕೆ ತೆರೆದಿಟ್ಕೊಂಡಿದ್ರಿ?"

"ಮಾಸ್ತಪ್ಪನ ಮನೇದು ಪೂರ್ತಿ ಆಗಿರ್ಲಿಲ್ಲ, ರಕ್ತದ ರಿಪೋರ್ಟ್ ಬರ್ಬೇಕಿತ್ತು. ಅರ್ಧಕ್ಕೆ ಬಿಟ್ರೆ ಅಳ್ಸಿ ಹೋಗುತ್ತೆ ಅಂತ ನೀವೇ ಹೇಳಿದ್ರಲ್ಲ."

ಹೇಳಿದ್ದೆ. ಜಾಗ ಬಿಡು ಎಂದು ಹಳೆಯ ಪುಟಕ್ಕೆ ಬ್ರೌಸರ್ ತಾನಾಗಿಯೇ ಸೂಚನೆ ಕೊಡುತ್ತದೆ. ಅದು ಬಂದಾಗ ಬರೆದಷ್ಟನ್ನು ಉಳಿಸಿ ಪಕ್ಕಕ್ಕೆ ಸರಿಯುವಂತೆ ನಾಲ್ಕು ಸಾಲು ಬರೆಯಬೇಕಾಗಿದ್ದವಳು ನಾನು. ಬರೆದಿರಲಿಲ್ಲ. ಬೈಯಲು ಬೇರೆ ಯಾರೂ ಉಳಿಯದೆ ಇನ್ನಷ್ಟು ಮೈ ಉರಿಯಿತು.

ಅವರು ಇಂಟು ಒತ್ತಿದರು. ಎರಡೇ ನಿಮಿಷದಲ್ಲಿ, ಖಾಲಿ ಪುಟಗಳನ್ನು ಬಿಟ್ಟು, ಅರವತ್ತೆರಡು ಮನೆಗಳು ನನ್ನ ಕಂಪ್ಯೂಟರಿಗೆ ಬಂದವು. ಅರವತ್ತೆರಡನೆಯದು ಆ ಹಸಿರು ಬಟನ್ ಉಳಿಸಿದ್ದ ಮಾಸ್ತಪ್ಪನ ಅರ್ಧ ಪುಟ: ಉದುರಿದ ಒಣ ದರಗೆಲೆ ಗುಡಿಸಿ ತರಲು ಕಾಡಿಗೆ ಹೋಗಿದ್ದ, ವಿಪರೀತ ಜ್ವರ. ತಾರೀಖು ನೋಡಿದೆ. ಸೋಮವಾರದ್ದು.

"ಗುತ್ಯಮ್ಮ, ಮೂರು ದಿನ ಆಗೋಯ್ತಲ್ರೀ! ಈಗಲೇ ಗಾಡಿ ಕಳಿಸೋಕೆ ಹೇಳ್ತೀನಿ."

"ಎಂಥಕ್ಕೆ? ಸೋಮವಾರವೇ ನಾನೇ ಕರ್ಕಂಡ್ ಹೋಗಿ ತೀರ್ಥಹಳ್ಳಿ ಆಸ್ಪತ್ರೆಗೆ ಸೇರ್ಸಿ ಬಂದಿದೀನಿ. ನಿಮ್ ಆಪ್ ತಿರುಗೋದು ನಿಲ್ಲೋ ತನ್ಕ ಜ್ವರ ಕಾಯುತ್ತಾ?"